ಗಣಕಯಂತ್ರದಲ್ಲಿ ಒಡೆತನದ ಕೀಲಿಕೈ



ನಮ್ಮ ಶಾಲೆಯ ಗಣಕಯಂತ್ರಗಳು ಲಿನಕ್ಸ್ ಎಂಬ ವ್ಯವಸ್ಥೆಯಿಂದ ನಡೆಯುವವೆಂಬದನ್ನು ನೀವೆಲ್ಲರೂ ಬಲ್ಲಿರಿ. ಅವುಗಳ ಮುಂದೆ ಕುಳಿತು ಬರೆಯಲಿಕ್ಕೂ, ಚಿತ್ರ ತೆಗೆಯಲಿಕ್ಕೂ, ಲೆಕ್ಕ ಮಾಡಲಿಕ್ಕೂ ನೀವು ಕಲಿತಿರುವಿರಿ. ಆದರೆ ಆ ಯಂತ್ರಗಳಲ್ಲಿ ಒಡೆತನದ ಅಧಿಕಾರವೆಂಬದೊಂದು ಉಂಟು. ಅದನ್ನು ಯಾವಾಗ, ಎಷ್ಟು, ಯಾವದಕ್ಕೆ ಕೊಡತಕ್ಕದ್ದೆಂಬದನ್ನು ನಾವು ನಿಮಗೆ ಸರಿಯಾಗಿ ಕಲಿಸಿರಲಿಲ್ಲ. ಅದರ ಫಲವನ್ನು ನಿಮ್ಮ ಹಿಂದಿನವರಲ್ಲಿ ಒಬ್ಬಳು ಉಣ್ಣಬೇಕಾಯಿತು. ಆದಕಾರಣ ಈ ಸ್ಮರಣ ಸಂಚಿಕೆಯಲ್ಲಿ ಅದೇ ವಿಷಯವನ್ನು ಒಂದು ಪಾಠವಾಗಿ ಬರೆಯುತ್ತೇವೆ.

ನಡೆದ ಸಂಗತಿ

೨೦೧೯ನೆಯ ಇಸವಿಯಲ್ಲಿ ನಮ್ಮ ಯಂತ್ರಗಳಲ್ಲಿ ಉಬುಂಟು ೧೮.೦೪ ಎಂಬ ಲಿನಕ್ಸ್ ಇದ್ದಿತು. ಆ ವರುಷ ಎಂಟನೆಯ ಇಯತ್ತೆಯ ಬಾಲಿಕೆಯರು ನಮ್ಮೂರಾದ ಲಕ್ಷ್ಮೇಶ್ವರದ ಮೇಲೆ ನಿಬಂಧಗಳನ್ನು ಬರೆಯುತ್ತಿದ್ದರು. ಈ ಊರಿನ ಹಳೆಯ ಹೆಸರು ಪುಲಿಗೆರೆ. ಹತ್ತನೆಯ ಶತಮಾನದ ಪಂಪಕವಿಯು ತನ್ನ ಕಾವ್ಯದ ನುಡಿಯು ಪುಲಿಗೆರೆಯ ತಿರುಳುಗನ್ನಡವೆಂದು ಹೇಳಿಕೊಂಡನು. ಇಂಥ ಊರಿನ ಕನ್ನಡವು ಯಂತ್ರದಲ್ಲಿ ಅಂದವಾಗಿ ಕಾಣಬೇಕೆಂದು ನಮ್ಮ ಶಿಕ್ಷಕಿಯರೊಬ್ಬರು ಗುಬ್ಬಿ, ನವಿಲು ಎಂಬ ಎರಡು ಕನ್ನಡ ಫಾಂಟುಗಳನ್ನು ಅದರಲ್ಲಿ ಇಡಲು ಮುಂದಾದರು.

ಯಂತ್ರವು ತನ್ನ ಫಾಂಟುಗಳನ್ನು ಇಟ್ಟುಕೊಂಡಿರುವ ಫೋಲ್ಡರಿನಲ್ಲಿ ಅವನ್ನು ಹಾಕಹೋದಾಗ, ಅನುಮತಿ ಇಲ್ಲವೆಂಬ ಉತ್ತರ ಬಂದಿತು. ಆಗ ಅವರು ಟರ್ಮಿನಲ್ಲಿನಲ್ಲಿ ಸುಡೊ ಎಂದು ಬರೆದು, ಅದರ ಮುಂದೆ ಕಡತಗಳನ್ನು ತೋರಿಸುವ ತಂತ್ರಾಂಶದ ಹೆಸರನ್ನು ಬರೆದು, ಪಾಸ್‌ವರ್ಡ್ ಕೊಟ್ಟರು. ಕಿಟಕಿಯು ಒಡೆತನದ ಪೂರ್ಣ ಅಧಿಕಾರದೊಡನೆ ತೆರೆಯಿತು. ಫಾಂಟುಗಳು ಸೇರಿದವು, ಅಕ್ಷರಗಳು ಚೆನ್ನಾಗಿ ಕಂಡವು. ಅಷ್ಟರಲ್ಲಿ ಗಂಟೆ ಬಾರಿಸಿತು. ಅವರು ಆ ಕಿಟಕಿಯನ್ನು ಮುಚ್ಚದೆ, ಕೆಳಗೆ ಸರಿಸಿ, ಮುಂದಿನ ತರಗತಿಗೆ ನಡೆದರು.

ಬಳಿಕ ಆ ಯಂತ್ರದ ಮುಂದೆ ಒಬ್ಬ ಬಾಲಿಕೆಯು ಕುಳಿತಳು. ಬೇಡವಾದ ಹಳೆಯ ಕಡತಗಳನ್ನು ತೆಗೆದುಹಾಕುವದು ಅಂದಿನ ಪಾಠವಾಗಿತ್ತು. ಅವಳು ಆ ಕಿಟಕಿಯನ್ನು ತನ್ನದೆಂದೇ ತಿಳಿದು ಮೇಲಕ್ಕೆ ತಂದಳು. ಅದರೊಳಗೆ ಗ್ನೋಮ್-ಶೆಲ್ ಎಂಬ ಫೋಲ್ಡರು ಕಂಡಿತು. ಪರದೆಯ ಮೇಲೆ ನಮಗೆ ಕಾಣುವ ಮೇಜು, ಪಟ್ಟಿ, ಗುಂಡಿ ಇವೆಲ್ಲವನ್ನೂ ನಡಿಸುವ ತಂತ್ರಾಂಶದ ಸಾಮಗ್ರಿ ಅದರಲ್ಲಿತ್ತು. ಅವಳು ಅದನ್ನು ಅನವಶ್ಯಕವೆಂದು ಭಾವಿಸಿ ತೆಗೆದು, ಕಲಿಸಿದ್ದ ಪ್ರಕಾರ ಕಸದ ಬುಟ್ಟಿಯನ್ನೂ ಬರಿದುಮಾಡಿದಳು. ಮರುದಿನ ಬೆಳಿಗ್ಗೆ ಆ ಯಂತ್ರದಲ್ಲಿ ಕಪ್ಪು ಪರದೆಯ ಹೊರತು ಏನೂ ಕಾಣಲಿಲ್ಲ.

ನಾವು ವಿಚಾರಿಸುವದಕ್ಕಿಂತ ಮುಂಚೆಯೇ ಅವಳನ್ನು ಗದರಿಸಿ, ಒಂದು ವಾರ ಆ ಕೋಣೆಗೆ ಬರಬಾರದೆಂದು ಹೇಳಿದೆವು. ಆಗ ಅವಳು ಕಣ್ಣೀರು ಒರಸಿಕೊಳ್ಳುತ್ತ, "ಅಕ್ಕೋರೇ, ತೆಗೆಯಬಾರದ್ದನ್ನು ಯಂತ್ರವೇ ತೆಗೆಯಗೊಡುವದಿಲ್ಲವೆಂದು ನೀವೇ ಹೇಳಿದ್ದಿರಲ್ಲಾ?" ಎಂದಳು. ನಾವು ನಿಜವಾಗಿಯೂ ಹಾಗೆ ಹೇಳಿದ್ದೆವು. ಆ ಮಾತು ಸುಳ್ಳೂ ಅಲ್ಲ. ಹಾಗಾದರೆ ಅಂದು ಯಂತ್ರವು ಅವಳನ್ನು ಯಾಕೆ ತಡೆಯಲಿಲ್ಲ? ಇದಕ್ಕೆ ಉತ್ತರವೇ ಈ ಪಾಠ.

೧. ಒಡೆಯನ ಗುರುತು

೧೯೬೯ರಲ್ಲಿ ಅಮೇರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಎಂಬವರು ಯುನಿಕ್ಸ್ ಎಂಬ ವ್ಯವಸ್ಥೆಯನ್ನು ಆರಂಭಿಸಿದರು. ಒಂದೇ ಯಂತ್ರವನ್ನು ಅನೇಕರು ಉಪಯೋಗಿಸತಕ್ಕದ್ದಾದ್ದರಿಂದ, ಅದರಲ್ಲಿ ಪ್ರತಿಯೊಂದು ಕಡತಕ್ಕೂ ಒಬ್ಬ ಒಡೆಯನಿರುವನು. ಓದಲು ಯಾರಿಗೆ, ಬರೆಯಲು ಯಾರಿಗೆ ಅನುಮತಿಯೆಂಬದೂ ಗೊತ್ತಾಗಿರುವದು. ೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬವನು ಹೊರತಂದ ಲಿನಕ್ಸ್ ಇದೇ ಕ್ರಮವನ್ನು ಅನುಸರಿಸಿತು.

ಈ ಕ್ರಮದಲ್ಲಿ ಪ್ರತಿಯೊಬ್ಬರಿಗೂ ಒಂದು ಸಂಖ್ಯೆಯಿರುವದು. ೦ ಎಂಬ ಸಂಖ್ಯೆಯವನೇ ಯಂತ್ರದ ಒಡೆಯನು. ಅವನ ಹೆಸರು ರೂಟ್, ಅಂದರೆ ಬೇರು. ಬೇರೆಯವರು ಏನು ಮಾಡಹೋದರೂ ಯಂತ್ರವು, "ಇದಕ್ಕೆ ನಿನಗೆ ಅನುಮತಿಯುಂಟೋ?" ಎಂದು ಪರೀಕ್ಷಿಸುವದು. ರೂಟ್ ಬಂದರೆ ಈ ಪರೀಕ್ಷೆಯೇ ಬಹುಮಟ್ಟಿಗೆ ನಡೆಯುವದಿಲ್ಲ. ಆ ಬಾಲಿಕೆಯನ್ನು ಯಂತ್ರವು ತಡೆಯದಿದ್ದದ್ದು ಇದರಿಂದಲೇ. ಅವಳ ಕೈಯಲ್ಲಿದ್ದ ಕಿಟಕಿಯು ೦ ಸಂಖ್ಯೆಯ ಹೆಸರಿನಲ್ಲಿ ನಡೆಯುತ್ತಿತ್ತು.

ಸುಡೊ ಎಂಬದು ಸುಮಾರು ೧೯೮೦ರಲ್ಲಿ ಅಮೇರಿಕದ ಬಫಲೋ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸಾಧನ. ರೂಟಿನ ಪಾಸ್‌ವರ್ಡನ್ನು ಯಾರಿಗೂ ಹೇಳದೆ, ಒಂದೊಂದು ಆಜ್ಞೆಯನ್ನು ಮಾತ್ರ ಒಡೆಯನ ಹೆಸರಿನಲ್ಲಿ ನಡಿಸುವದು ಅದರ ಉದ್ದೇಶ. ೨೦೦೪ರ ಅಕ್ಟೋಬರದಲ್ಲಿ ಹೊರಬಂದ ಉಬುಂಟುವಿನಲ್ಲಿ ರೂಟ್ ಆಗಿ ನೇರವಾಗಿ ಪ್ರವೇಶಿಸುವದನ್ನು ಮೊದಲಿನಿಂದಲೂ ಮುಚ್ಚಿಟ್ಟು, ಸುಡೊವನ್ನೇ ಕೊಟ್ಟರು. ಉಬುಂಟುವಿನ ಆಧಾರದ ಮೇಲೆ ಮಾಡಿದ ಲಿನಕ್ಸೇ ಕೇರಳದ ಸರಕಾರಿ ಶಾಲೆಗಳಲ್ಲಿಯೂ ನಡೆಯುವದರಿಂದ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಈ ಪಾಠವು ಉಪಯೋಗವಾದೀತು.

೨. ಕಿಟಕಿಗೆ ಅಧಿಕಾರ ಕೊಟ್ಟರೆ ಆಗುವ ಕೇಡುಗಳು

ವಸತಿಗೃಹದ ಉಗ್ರಾಣದಿಂದ ಒಂದು ಸೇರು ಜೋಳ ಬೇಕಾಗಿದೆಯೆನ್ನೋಣ. ಉಗ್ರಾಣದವಳನ್ನು ಕೇಳಿದರೆ ಅವಳು ಬಾಗಿಲಲ್ಲಿಯೇ ನಿಂತು ಅಳೆದು ಕೊಡುವಳು. ಹಾಗೆ ಮಾಡದೆ ಮನೆಯ ಎಲ್ಲಾ ಕೀಲಿಕೈಗಳ ಗೊಂಚಲನ್ನೇ ಜೋಳಕ್ಕೆ ಬಂದವಳ ಕೈಗೆ ಕೊಟ್ಟು ಕಳುಹಿಸಿದರೆ ಹೇಗೆ? ಕಿಟಕಿಯುಳ್ಳ ತಂತ್ರಾಂಶವನ್ನು ಸುಡೊದಿಂದ ತೆರೆಯುವದು ಈ ಎರಡನೆಯ ರೀತಿಯದು. ಅದರಿಂದ ಬರುವ ಕೇಡುಗಳು ನಾಲ್ಕು.

ಮೊದಲನೆಯದು, ಸಮಯದ ಕೇಡು. ಒಂದು ಸಣ್ಣ ಆಜ್ಞೆಯು ತನ್ನ ಕೆಲಸವಾದೊಡನೆ ಮುಗಿದುಹೋಗುವದು. ಕಿಟಕಿಯಾದರೋ ಮುಚ್ಚುವ ತನಕ ಅಧಿಕಾರವನ್ನು ಹಿಡಿದುಕೊಂಡೇ ಇರುವದು, ಮತ್ತು ಅದರ ಮೋರೆಯು ಬೇರೆ ಕಿಟಕಿಗಳ ಹಾಗೆಯೇ ಇರುವದು. ನಮ್ಮಲ್ಲಿ ಆದದ್ದು ಇದೇ.

ಎರಡನೆಯದು, ಗಾತ್ರದ ಕೇಡು. ಕಿಟಕಿಯುಳ್ಳ ತಂತ್ರಾಂಶವು ಚಿತ್ರಗಳನ್ನು ಬಿಡಿಸುವ, ಅಕ್ಷರಗಳನ್ನು ತೋರಿಸುವ, ಧ್ವನಿ ಹೊರಡಿಸುವ ಅನೇಕ ಉಪಾಂಗಗಳನ್ನು ಸಂಗಡ ಕರೆದುಕೊಂಡು ಬರುವದು. ಅಧಿಕಾರವು ಅವುಗಳಿಗೆಲ್ಲಾ ದೊರೆಯುವದು. ಅವುಗಳಲ್ಲಿ ಒಂದರಲ್ಲಿ ದೋಷವಿದ್ದರೂ ಇಡೀ ಯಂತ್ರಕ್ಕೆ ಅಪಾಯ. ಆದಕಾರಣವೇ ವಿಎಲ್‌ಸಿ ಎಂಬ ಚಲಚ್ಚಿತ್ರ ತೋರಿಸುವ ತಂತ್ರಾಂಶವು ರೂಟ್ ಹೆಸರಿನಲ್ಲಿ ನಡೆಯಲು ತಾನೇ ಒಪ್ಪುವದಿಲ್ಲ.

ಮೂರನೆಯದು, ಒಡೆತನ ಕೆಡುವದು. ಉಬುಂಟು ೧೮.೦೪ರಲ್ಲಿ ಸುಡೊ ಮಾಡಿದಾಗಲೂ ಮನೆಯ ಫೋಲ್ಡರು ಮಾತ್ರ ನಿಮ್ಮದೇ ಆಗಿ ಉಳಿಯುತ್ತಿತ್ತು. ಆದ್ದರಿಂದ ಕಿಟಕಿಯು ತನ್ನ ಏರ್ಪಾಡಿನ ಕಡತಗಳನ್ನು ನಿಮ್ಮ ಮನೆಯೊಳಗೇ ಬರೆದು, ಅವುಗಳಿಗೆ ರೂಟನ್ನೇ ಒಡೆಯನನ್ನಾಗಿ ಮಾಡುತ್ತಿತ್ತು. ಮರುದಿನ ನಿಮ್ಮ ಮನೆಯ ಕಡತವನ್ನು ನೀವೇ ತಿದ್ದಲಾರಿರಿ. ಕೆಲವು ಸಲ ಪಾಸ್‌ವರ್ಡ್ ಸರಿಯಿದ್ದರೂ ಯಂತ್ರವು ಒಳಗೆ ಬಿಡದೆ ಮತ್ತೆ ಮತ್ತೆ ಬಾಗಿಲಿಗೇ ತಂದು ನಿಲ್ಲಿಸುವದು. ೨೦೧೯ರ ಅಕ್ಟೋಬರದ ಉಬುಂಟು ೧೯.೧೦ರಿಂದ ಈ ಪದ್ಧತಿಯನ್ನು ಬದಲಿಸಿ, ಸುಡೊ ಮಾಡಿದಾಗ ರೂಟಿನ ಮನೆಯನ್ನೇ ಉಪಯೋಗಿಸುವಂತೆ ಮಾಡಿದರು.

ನಾಲ್ಕನೆಯದು, ನೆರೆಹೊರೆಯ ಕೇಡು. ಕಿಟಕಿಗಳನ್ನು ತೋರಿಸುವ ಎಕ್ಸ್ ಎಂಬ ಹಳೆಯ ವ್ಯವಸ್ಥೆಯು ೧೯೮೪ರಲ್ಲಿ ಹುಟ್ಟಿತು. ಅದರಲ್ಲಿ ಒಂದೇ ಪರದೆಯ ಮೇಲಿರುವ ಒಂದು ತಂತ್ರಾಂಶವು ಮತ್ತೊಂದಕ್ಕೆ ಒತ್ತಿದ ಅಕ್ಷರಗಳನ್ನು ಕದ್ದು ಕೇಳಬಹುದು, ತಾನೇ ಒತ್ತಿದಂತೆ ನಟಿಸಲೂಬಹುದು. ಹೀಗಿರಲು ಅಧಿಕಾರವುಳ್ಳ ಕಿಟಕಿಯ ಪಕ್ಕದಲ್ಲಿ ಅಧಿಕಾರವಿಲ್ಲದ ದುಷ್ಟ ತಂತ್ರಾಂಶವು ಕುಳಿತರೆ, ಆ ಅಧಿಕಾರವೂ ಅದರ ಕೈಗೆ ಸಿಕ್ಕಂತೆಯೇ. ೨೦೦೮ರಲ್ಲಿ ಆರಂಭವಾದ ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆಯಲ್ಲಿ ಪ್ರತಿಯೊಂದು ಕಿಟಕಿಗೂ ತನಗೆ ಒತ್ತಿದ ಅಕ್ಷರಗಳು ಮಾತ್ರ ತಲಪುವವು. ಅಲ್ಲಿ ಸುಡೊದಿಂದ ಕಿಟಕಿಯನ್ನು ತೆರೆಯಹೋದರೆ, ಪರದೆಯನ್ನು ತೆರೆಯಲಾಗಲಿಲ್ಲವೆಂಬ ಉತ್ತರವು ಅನೇಕಸಾರಿ ಬರುವದು. ಆಗ ಕೆಲವರು ಎಕ್ಸ್-ಹೋಸ್ಟ್ ಎಂಬ ಆಜ್ಞೆಗೆ ಕೂಡಿಸುವ ಚಿಹ್ನೆಯನ್ನು ಹಚ್ಚಿ, ಎಲ್ಲರಿಗೂ ಪರದೆಯನ್ನು ತೆರೆದಿಡುವರು. ಅದು ಕೀಲಿ ತೆರೆಯಲಿಲ್ಲವೆಂದು ಬಾಗಿಲನ್ನೇ ಕಿತ್ತುಹಾಕಿದಂತೆ. ಹಾಗೆ ಎಂದಿಗೂ ಮಾಡಬಾರದು.

೩. ಸರಿಯಾದ ಮಾರ್ಗ

ಮೊದಲು ಕೇಳಿಕೊಳ್ಳತಕ್ಕ ಪ್ರಶ್ನೆ ಇದು: ಈ ಕೆಲಸಕ್ಕೆ ಒಡೆತನದ ಅಧಿಕಾರವು ಬೇಕೇ ಬೇಕೋ? ಫಾಂಟಿನ ವಿಷಯದಲ್ಲಿ ಬೇಕಾಗಿರಲಿಲ್ಲ! ಫಾಂಟಿನ ಕಡತವನ್ನು ತೆರೆದು, ಅಲ್ಲಿ ಕಾಣುವ ಸ್ಥಾಪಿಸುವ ಗುಂಡಿಯನ್ನು ಒತ್ತಿದರೆ, ಅದು ನಿಮ್ಮ ಮನೆಯ ಫೋಲ್ಡರಿನೊಳಗೇ ಸೇರಿ ನಿಮಗೆ ಉಪಯೋಗಕ್ಕೆ ಬರುವದು. ಪಾಸ್‌ವರ್ಡಿನ ಮಾತೇ ಇಲ್ಲ. ಒಂದು ಯಂತ್ರದ ಎಲ್ಲರಿಗೂ ಬೇಕಾದರೆ, ಗುಬ್ಬಿ, ನವಿಲುಗಳೆರಡೂ ಉಬುಂಟುವಿನ ಭಂಡಾರದಲ್ಲಿಯೇ ಇರುವದರಿಂದ ಅಲ್ಲಿಂದ ತರಿಸಬಹುದು.

ಎರಡನೆಯದು, ಉಗ್ರಾಣದವಳನ್ನು ಕೇಳುವ ಮಾರ್ಗ. ಈಗಿನ ಲಿನಕ್ಸಿನಲ್ಲಿ ಪೋಲ್‌ಕಿಟ್ ಎಂಬ ಏರ್ಪಾಡಿರುವದು. ಕಿಟಕಿಯು ಸಾಮಾನ್ಯಳ ಹೆಸರಿನಲ್ಲಿಯೇ ನಡೆಯುವದು. ಅಧಿಕಾರ ಬೇಕಾದ ಒಂದೇ ಕೆಲಸವನ್ನು ಹಿಂದೆ ನಿಂತಿರುವ ಒಂದು ಸಣ್ಣ ಸಹಾಯಕ ತಂತ್ರಾಂಶಕ್ಕೆ ಒಪ್ಪಿಸುವದು. ನೀವು ಗಡಿಯಾರವನ್ನು ತಿದ್ದುವಾಗ ಇಲ್ಲವೆ ಹೊಸ ತಂತ್ರಾಂಶವನ್ನು ತರಿಸುವಾಗ ನಡುವೆ ಪಾಸ್‌ವರ್ಡ್ ಕೇಳುವ ಪೆಟ್ಟಿಗೆಯು ಇದರದೇ.

ಮೂರನೆಯದು, ಯಂತ್ರದ ಏರ್ಪಾಡಿನ ಕಡತವನ್ನು ತಿದ್ದಬೇಕಾದಾಗ ಸುಡೊ-ಎಡಿಟ್ ಎಂಬ ಆಜ್ಞೆಯನ್ನು ಕೊಡತಕ್ಕದ್ದು. ಅದು ಕಡತದ ಒಂದು ನಕಲನ್ನು ನಿಮ್ಮ ಕೈಗೆ ಕೊಡುವದು. ನೀವು ಸಾಮಾನ್ಯರಾಗಿಯೇ ತಿದ್ದುವಿರಿ. ಮುಗಿದ ಮೇಲೆ ನಕಲನ್ನು ಮೂಲದ ಸ್ಥಳಕ್ಕೆ ಸೇರಿಸುವಾಗ ಮಾತ್ರ ಅಧಿಕಾರವು ಕೆಲಸ ಮಾಡುವದು. ಗ್ನೋಮಿನ ಕಡತಗಳ ಕಿಟಕಿಯಲ್ಲಿ, ವಿಳಾಸದ ಮುಂದೆ ಅಡ್ಮಿನ್ ಎಂಬ ಪದವನ್ನೂ ಅದರ ಚಿಹ್ನೆಗಳನ್ನೂ ಬರೆದರೂ, ಕಿಟಕಿಗೆ ಅಧಿಕಾರ ಕೊಡದೆ ಇಂಥದೇ ಸಹಾಯಕನಿಂದ ಕೆಲಸ ನಡೆಯುವದು. ಆದರೆ ಇಲ್ಲಿಯೂ ಅಳಿಸಿದ್ದು ಅಳಿಸಿದ್ದೇ; ಆದ್ದರಿಂದ ಕೆಲಸ ತೀರಿದೊಡನೆ ಮುಚ್ಚತಕ್ಕದ್ದು.

ನಾಲ್ಕನೆಯದು, ಕೆಲಸ ಮುಗಿದ ಮೇಲೆ ಕೀಲಿಕೈಯನ್ನು ತಿರುಗಿ ಒಪ್ಪಿಸುವದು. ಉಬುಂಟುವಿನಲ್ಲಿ ಒಮ್ಮೆ ಪಾಸ್‌ವರ್ಡ್ ಕೊಟ್ಟರೆ ಆ ಟರ್ಮಿನಲ್ಲಿನಲ್ಲಿ ೧೫ ನಿಮಿಷಗಳ ವರೆಗೆ ಸುಡೊ ಮತ್ತೆ ಕೇಳುವದಿಲ್ಲ. ಸುಡೊ ಎಂದು ಬರೆದು, ಅಡ್ಡಗೀಟು ಹಾಕಿ ಕೆ ಎಂಬ ಅಕ್ಷರವನ್ನು ಹಚ್ಚಿದರೆ ಆ ಅನುಮತಿಯು ಕೂಡಲೆ ರದ್ದಾಗುವದು. ಆಮೇಲೆ ಎದ್ದು ಹೋಗಬಹುದು.

ಸಣ್ಣ ಸಹಾಯಕರಲ್ಲಿ ದೋಷವೇ ಇರುವದಿಲ್ಲವೆಂದು ನಾವು ಹೇಳುವದಿಲ್ಲ. ಪೋಲ್‌ಕಿಟ್ಟಿನ ಪಿಕೆ-ಎಕ್ಸೆಕ್ ಎಂಬ ಭಾಗದಲ್ಲಿ ೨೦೦೯ರಿಂದ ಅಡಗಿದ್ದ ಒಂದು ದೊಡ್ಡ ದೋಷವು ೨೦೨೨ರ ಜನವರಿಯಲ್ಲಿ ಬೈಲಿಗೆ ಬಂದಿತು; ಅದನ್ನು ಕೂಡಲೆ ತಿದ್ದಿದರು. ಅಷ್ಟು ಚಿಕ್ಕದರಲ್ಲಿಯೇ ದೋಷವು ಹನ್ನೆರಡು ವರುಷ ಅಡಗಿರಬಹುದಾದರೆ, ಅದಕ್ಕಿಂತ ನೂರ್ಮಡಿ ದೊಡ್ಡ ಕಿಟಕಿಗಳನ್ನು ನಂಬುವದು ಹೇಗೆ?

೪. ಕೆಟ್ಟದ್ದನ್ನು ಸರಿಪಡಿಸುವದು

ನಿಮ್ಮ ಮನೆಯ ಕಡತಕ್ಕೆ ರೂಟ್ ಒಡೆಯನಾಗಿದ್ದರೆ, ಚೌನ್ ಎಂಬ ಆಜ್ಞೆಯಿಂದ ಆ ಕಡತದ ಒಡೆತನವನ್ನು ನಿಮ್ಮ ಹೆಸರಿಗೆ ತಿರುಗಿಸಬಹುದು. ಆದರೆ ನಿಮ್ಮ ಮನೆಯ ಹೊರಗಿನ ಕಡತಗಳ ಒಡೆತನವನ್ನು ಮುಟ್ಟಬಾರದು. ಪರದೆಯೇ ಬಾರದಿದ್ದರೆ ಕಂಟ್ರೋಲ್, ಆಲ್ಟ್, ಎಫ್೩ ಎಂಬ ಮೂರು ಕೀಲಿಗಳನ್ನು ಕೂಡಿಯೇ ಒತ್ತಿರಿ. ಬರಿಯ ಅಕ್ಷರಗಳ ಪರದೆಯು ಬರುವದು. ನಮ್ಮ ಯಂತ್ರವನ್ನೂ ಹೀಗೆಯೇ ಒಳಹೊಕ್ಕು, ಕಳೆದುಹೋದ ತಂತ್ರಾಂಶವನ್ನು ಮತ್ತೆ ತರಿಸಿ, ಅರ್ಧ ದಿನದಲ್ಲಿ ಎಬ್ಬಿಸಿದೆವು. ಬಾಲಿಕೆಯರ ನಿಬಂಧಗಳೆಲ್ಲಾ ಅವರವರ ಮನೆಯ ಫೋಲ್ಡರುಗಳಲ್ಲಿದ್ದದರಿಂದ ಒಂದೂ ನಷ್ಟವಾಗಲಿಲ್ಲ.

ಯಂತ್ರವನ್ನು ಎಬ್ಬಿಸುವದು ಸುಲಭವಾಯಿತು. ಆ ಬಾಲಿಕೆಯ ಧೈರ್ಯವನ್ನು ಎಬ್ಬಿಸುವದು ಅಷ್ಟು ಸುಲಭವಾಗಲಿಲ್ಲ. ವಾರ ಕಳೆದರೂ ಅವಳು ಆ ಕೋಣೆಗೆ ಬಾರದೆ ಬಾಗಿಲಿನ ಹೊರಗೇ ನಿಲ್ಲುತ್ತಿದ್ದಳು. ಆಗ ನಾವು ತರಗತಿಯೆಲ್ಲದರ ಮುಂದೆ, ಕೀಲಿಕೈಯನ್ನು ಬಿಟ್ಟುಹೋದವರು ನಾವು, ಬಾಗಿಲು ತೆರೆದದ್ದಕ್ಕೆ ಬೈಸಿಕೊಂಡವಳು ಇವಳು ಎಂದು ಒಪ್ಪಿಕೊಂಡೆವು. ಮರುದಿನ ಅವಳು ಒಳಗೆ ಬಂದು, ಯಾವ ಅಧಿಕಾರವನ್ನೂ ಕೇಳದೆ, ಗುಬ್ಬಿ ಫಾಂಟನ್ನು ತನ್ನ ಮನೆಯ ಫೋಲ್ಡರಿನಲ್ಲಿ ತಾನೇ ಇಟ್ಟುಕೊಂಡು, ಪುಲಿಗೆರೆಯ ನಿಬಂಧವನ್ನು ಮುಗಿಸಿದಳು.

ಬಾಲಿಕೆಯರೇ, ಮುಂದೆ ನಿಮ್ಮಲ್ಲಿ ಎಷ್ಟೋ ಮಂದಿ ಶಾಲೆ, ಬ್ಯಾಂಕು, ಕಚೇರಿಗಳಲ್ಲಿ ಇಂಥ ಯಂತ್ರಗಳ ಒಡೆತನವನ್ನು ವಹಿಸುವಿರಿ. ಆಗ ಅಧಿಕಾರವನ್ನು ಕಿಟಕಿಗೆ ಕೊಡದೆ ಕೆಲಸಕ್ಕೆ ಕೊಡಿರಿ; ಕೆಲಸದಷ್ಟೇ ಕೊಡಿರಿ; ಮುಗಿದೊಡನೆ ತಿರುಗಿ ತೆಗೆದುಕೊಳ್ಳಿರಿ. ನಿಮ್ಮ ಕೈಕೆಳಗಿನವಳು ಏನಾದರೂ ಕೆಡಿಸಿದರೆ, ಅವಳನ್ನು ಗದರಿಸುವ ಮೊದಲು, ಕೀಲಿಕೈಯು ಅವಳ ಕೈಗೆ ಹೇಗೆ ಬಂದಿತೆಂದು ವಿಚಾರಿಸಿರಿ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

೧. ರೂಟಿನ ಸಂಖ್ಯೆ ಯಾವದು? ಆ ಸಂಖ್ಯೆಯವನನ್ನು ಯಂತ್ರವು ಯಾಕೆ ತಡೆಯುವದಿಲ್ಲ?
೨. ಸಣ್ಣ ಆಜ್ಞೆಗೆ ಅಧಿಕಾರ ಕೊಡುವದಕ್ಕೂ ಕಿಟಕಿಗೆ ಕೊಡುವದಕ್ಕೂ ಇರುವ ಭೇದಗಳನ್ನು ಬರೆಯಿರಿ.
೩. ಸುಡೊ-ಎಡಿಟ್ ಕಡತವನ್ನು ತಿದ್ದಿಸುವ ಕ್ರಮವನ್ನು ವಿವರಿಸಿರಿ.
೪. ಎಕ್ಸ್ ಮತ್ತು ವೇಲ್ಯಾಂಡ್ ವ್ಯವಸ್ಥೆಗಳಲ್ಲಿ ಒಂದು ಕಿಟಕಿಯು ಮತ್ತೊಂದರ ಗುಟ್ಟನ್ನು ಕೇಳುವ ವಿಷಯದಲ್ಲಿರುವ ಭೇದವೇನು?
೫. ನಿಮ್ಮ ಮನೆಯ ಫೋಲ್ಡರಿನಲ್ಲಿ ಒಂದು ಕನ್ನಡ ಫಾಂಟನ್ನು ಪಾಸ್‌ವರ್ಡ್ ಕೊಡದೆ ಇಟ್ಟು ತೋರಿಸಿರಿ.