ಪೆಸಿಫಿಕ್ ಸಾಗರದ ಗಾಳಿ ಮತ್ತು ಮುಂಗಾರು

ಪೆಸಿಫಿಕ್ ಸಾಗರದ ಸಮಭಾಜಕ ಪ್ರದೇಶದಲ್ಲಿ ಗಾಳಿಯು ಪೂರ್ವದಿಂದ ಪಶ್ಚಿಮಕ್ಕೆ ಬೀಸಿ, ಇಂಡೋನೇಷ್ಯದ ಬಳಿ ಬೆಚ್ಚನೆಯ ನೀರಿನ ಮೇಲೆ ಏರಿ ಮಳೆ ಸುರಿಸುತ್ತದೆ. ಎತ್ತರದಲ್ಲಿ ಹಿಂದಿರುಗಿ ದಕ್ಷಿಣ ಅಮೆರಿಕದ ಕಡೆ ಇಳಿಯುತ್ತದೆ. ಇದೇ ವಾಕರ್ ಪರಿಚಲನೆ. ಗಿಲ್ಬರ್ಟ್ ವಾಕರ್ ಅವರು 1904ರಿಂದ 1924ರವರೆಗೆ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದವರು.

ಭೂಮಿ ಕಾದಂತೆ ಇದು ಕುಂದುವುದೆಂದು ಗಣಕ ಮಾದರಿಗಳು ತಿಳಿಸಿದ್ದವು. ಆದರೆ 1990ರ ದಶಕದಿಂದ ಸುಮಾರು ಎರಡು ದಶಕ ಅದು ಬಲಗೊಂಡಿತು!

ಗಾಳಿ ಸಡಿಲಗೊಂಡು ಎಲ್ ನಿನೊ ಬಂದ ವರ್ಷ ಮುಂಗಾರು ಸೊರಗುವ ಸಂಭವ ಹೆಚ್ಚು. 2002ರಲ್ಲಿ ದೇಶದ ಮುಂಗಾರು ಮಳೆ ಶೇ. 19ರಷ್ಟು ಕಡಿಮೆಯಾಯಿತು. 1997ರಲ್ಲಿ ಎಲ್ ನಿನೊ ಇನ್ನೂ ಪ್ರಬಲವಾಗಿದ್ದರೂ ಮಳೆ ವಾಡಿಕೆಯಷ್ಟೇ ಬಂತು. ಆದ್ದರಿಂದ ಸುದ್ದಿ ಕೇಳಿದೊಡನೆ ಬಿತ್ತನೆ ಕೈಬಿಡಬೇಕಾಗಿಲ್ಲ. ಮಳೆ ತಡವಾದರೆ ಬಿತ್ತಲು ಅಲ್ಪಾವಧಿ ರಾಗಿ ತಳಿಯ ಬೀಜವನ್ನು ಮೊದಲೇ ಒದಗಿಸಿಟ್ಟುಕೊಳ್ಳುವುದು ಒಳ್ಳೆಯದು.