ಸ್ಟ್ರಿಂಗ್‌ನಿಂದ ಬೇಡದ ಅಕ್ಷರ ತೆಗೆಯೋದು ಹೇಗೆ?

ಸಿ ಲ್ಯಾಬ್‌ನಲ್ಲಿ ನಮಗೆಲ್ಲ ಎದುರಾಗುವ ಪ್ರೋಗ್ರಾಂ ಇದು. 12--34 ಅನ್ನೋ ಸ್ಟ್ರಿಂಗ್‌ನಿಂದ ಹೈಫನ್ ಎಲ್ಲ ತೆಗೆದರೆ 1234 ಉಳಿಯಬೇಕು. ಅಷ್ಟೇ.

ನಾವು ಮೊದಲು ಬರೆದದ್ದು ಹೀಗೆ: ಹೈಫನ್ ಸಿಕ್ಕ ಕೂಡಲೇ ಅದರ ಮುಂದಿನದನ್ನೆಲ್ಲ ಒಂದೊಂದು ಮನೆ ಎಡಕ್ಕೆ ತಳ್ಳೋದು, ಆಮೇಲೆ ಐ++. ಔಟ್‌ಪುಟ್ 12-34 ಬಂತು! ಯಾಕಂದ್ರೆ ತಳ್ಳಿದಾಗ ಎರಡನೇ ಹೈಫನ್ ಮೊದಲನೆಯದರ ಜಾಗಕ್ಕೆ ಬಂದು ಕೂತಿತ್ತು. ಐ ಅದನ್ನು ನೋಡದೆ ಮುಂದೆ ಹೋಗಿಬಿಟ್ಟಿತ್ತು.

ಇದಕ್ಕಿಂತ ಸುಲಭದ ದಾರಿ ಎರಡು ಇಂಡೆಕ್ಸ್ ಇಟ್ಟುಕೊಳ್ಳೋದು. ಐ ಓದುತ್ತೆ, ಜೆ ಬರೆಯುತ್ತೆ. ಎರಡೂ 0ಯಿಂದ ಶುರು.

1. ಐ ಮನೆಯಲ್ಲಿರೋದು ಹೈಫನ್ ಅಲ್ಲದಿದ್ದರೆ ಅದನ್ನು ಜೆ ಮನೆಗೆ ಕಾಪಿ ಮಾಡಿ, ಜೆ++.
2. ಹೈಫನ್ ಆದರೂ ಅಲ್ಲದಿದ್ದರೂ ಐ++.
3. ಸ್ಟ್ರಿಂಗ್ ಮುಗಿದ ಮೇಲೆ ಜೆ ಮನೆಯಲ್ಲಿ '\0' ಇಡಿ.

ಮೂರನೇ ಹೆಜ್ಜೆ ಮರೆತರೆ 123434 ಪ್ರಿಂಟ್ ಆಗುತ್ತೆ. ಕೊನೆಯ 34 ಹಳೇ ಮನೆಗಳಲ್ಲಿ ಹಾಗೇ ಉಳಿದಿರೋದು. ಪ್ರಿಂಟ್‌ಎಫ್ '\0' ಸಿಗೋವರೆಗೂ ನಿಲ್ಲೋದಿಲ್ಲ.

ಇದೇ ಪ್ರೋಗ್ರಾಂನಿಂದ, ಟೈಪ್ ಮಾಡಿಟ್ಟಿದ್ದ ಕನ್ನಡ ಪದ್ಯವೊಂದರ ದಂಡಗಳನ್ನು (।) ತೆಗೆಯೋಣ ಅಂತ ಹೊರಟೆವು. ದಂಡವನ್ನು ಒಂದು ಚಾರ್‌ಗೆ ತುಂಬಿಸೋಕೆ ಆಗಲಿಲ್ಲ. ಅದಕ್ಕೆ ದಂಡದ ಬೈಟ್‌ಗಳನ್ನು 'ತೆಗೆಯಬೇಕಾದವು' ಅನ್ನೋ ಪಟ್ಟಿಗೆ ಹಾಕಿದೆವು. ದಂಡದ ಜೊತೆ ಇಡೀ ಪದ್ಯವೇ ಹಾಳಾಯ್ತು! ಯುಟಿಎಫ್-8ರಲ್ಲಿ ದಂಡ ಅಂದ್ರೆ 224, 165, 164 ಅನ್ನೋ ಮೂರು ಬೈಟ್. ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆಯೂ ಮೂರು ಬೈಟ್, ಮೊದಲನೆಯದು 224. ನಮ್ಮ ಪ್ರೋಗ್ರಾಂ ಎಲ್ಲ ಅಕ್ಷರಗಳ ತಲೆಯನ್ನೇ ಕತ್ತರಿಸಿತ್ತು.

ಪರಿಹಾರ ಕಷ್ಟವಿಲ್ಲ. ಐ ಇರುವಲ್ಲಿಂದ ಮೂರು ಬೈಟ್‌ಗಳನ್ನೂ ಸ್ಟ್ರ್‌ಎನ್‌ಸಿಎಂಪಿಯಿಂದ ಒಟ್ಟಿಗೆ ಹೋಲಿಸಿ. ಪೂರ್ತಿ ಹೊಂದಿದರೆ ಮಾತ್ರ ಐ ಅನ್ನು 3 ಮನೆ ಮುಂದೆ ಕಳಿಸಿ. ಇಲ್ಲದಿದ್ದರೆ ಒಂದು ಬೈಟ್ ಕಾಪಿ ಮಾಡಿ, ಐ ಮತ್ತು ಜೆ ಎರಡನ್ನೂ ಒಂದೊಂದು ಮನೆ ಮುಂದೆ ಸರಿಸಿ. ಕೊನೆಗೆ '\0' ಮರೀಬೇಡಿ.

ಸಿ ಭಾಷೆಯ ಚಾರ್ ಒಂದು ಬೈಟ್, ನಾವು ಓದುವ ಅಕ್ಷರ ಅಲ್ಲ. ಲ್ಯಾಬ್‌ನಲ್ಲಿ ಬರೀ ಇಂಗ್ಲಿಷ್ ಇನ್‌ಪುಟ್ ಕೊಡ್ತಾ ಇದ್ದುದರಿಂದ ಈ ವ್ಯತ್ಯಾಸ ನಮಗೆ ಕಂಡೇ ಇರಲಿಲ್ಲ. ಮುಂದಿನ ಸಲ 'ಕಾ' ಅಂತ ಕೊಟ್ಟು ಸ್ಟ್ರ್‌ಲೆನ್ ನೋಡಿ. 6 ಬರುತ್ತೆ. ಯಾಕೆ ಅಂತ ನೀವೇ ಯೋಚಿಸಿ!