ಕಾರಿನ ಮರ ಕೊಳೆತರೆ ಏನು ಮಾಡೋದು?

ಮಕ್ಕಳೇ, ಕಾರು ಅಂದ ತಕ್ಷಣ ನಿಮಗೆ ಕಬ್ಬಿಣ, ಗಾಜು, ರಬ್ಬರು ನೆನಪಾಗುತ್ತೆ ಅಲ್ವಾ? ಆದರೆ ಇಲ್ಲಿ ಇಂಗ್ಲೆಂಡಿನ ರಸ್ತೆಗಳಲ್ಲಿ ಅಪರೂಪಕ್ಕೆ ಒಂದು ಪುಟ್ಟ ಹಳೇ ಕಾರು ಕಾಣುತ್ತದೆ. ಅದರ ಹಿಂಭಾಗಕ್ಕೆ ಹೊರಗಿನಿಂದಲೇ ಕಾಣುವ ಮರದ ಚೌಕಟ್ಟಿದೆ. ಹೆಸರು ಮಾರಿಸ್ ಮೈನರ್ ಟ್ರಾವೆಲರ್. 1953ರಿಂದ 1971ರವರೆಗೆ ತಯಾರಾದ ಕಾರು ಇದು. ಮಾರಿಸ್ ಎಂಬ ಹೆಸರು ನಿಮ್ಮ ಅಜ್ಜನಿಗೂ ಗೊತ್ತಿರಬಹುದು. ನಮ್ಮ ಊರಿನ ಅಂಬಾಸಿಡರ್ ಕಾರು ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದಲೇ ಬಂದದ್ದು.

ಟ್ರಾವೆಲರ್‌ನ ಮರ ಬರೀ ಅಂದಕ್ಕಲ್ಲ. ಹಿಂಬದಿಯ ಚಾವಣಿ, ಕಿಟಕಿ, ಬಾಗಿಲುಗಳನ್ನು ಹೊತ್ತು ನಿಂತಿರೋದೇ ಅದು. ಹಾಗಾಗಿ ಮರ ಕೊಳೆತರೆ ಕಾರು ಸುರಕ್ಷಿತವಲ್ಲ.

ಯಾಕೆ ಕೊಳೆಯುತ್ತೆ?

ಇದು ಆಶ್ ಮರ. ಸುತ್ತಿಗೆ, ಗುದ್ದಲಿಗಳ ಹಿಡಿಗೆ ಬಳಸುವ ಮರ. ಗಟ್ಟಿ, ಪೆಟ್ಟು ತಡೆಯುತ್ತೆ. ಆದರೆ ಒದ್ದೆಯಾಗಿ ಉಳಿದರೆ ಬೇಗ ಕೊಳೆಯುತ್ತೆ. ಕೊಳೆಸುವುದು ನೀರಲ್ಲ, ಶಿಲೀಂಧ್ರ. ಮರದ ತೇವಾಂಶ ಸುಮಾರು ಶೇಕಡಾ 20ಕ್ಕಿಂತ ಕೆಳಗಿದ್ದರೆ ಅದು ಬೆಳೆಯಲಾರದು. ಅಂದರೆ ಮರ ಒಣಗಿದ್ದರೆ ಸಾಕು, ಬದುಕುತ್ತೆ.

ಎಲ್ಲಿ ಹುಡುಕಬೇಕು?

ನೀರು ಎಲ್ಲಿ ನಿಲ್ಲುತ್ತೋ ಅಲ್ಲಿ. ಜಾರುವ ಕಿಟಕಿಯ ಗಾಡಿ, ಬಾಗಿಲಿನ ತಳ, ಎರಡು ಮರ ಸೇರುವ ಸಂದು. ಮೊದಲು ಬಣ್ಣ ನೋಡಿ, ಕಪ್ಪಾಗಿದ್ದರೆ ಅನುಮಾನ ಪಡಿ. ಆಮೇಲೆ ಬಡಿದು ಕೇಳಿ. ಊರಲ್ಲಿ ಹಲಸಿನ ಹಣ್ಣನ್ನು ಬಡಿದು ನೋಡ್ತಾರಲ್ಲ, ಹಾಗೆ. ಕೊನೆಗೆ ಸಣ್ಣ ಸ್ಕ್ರೂಡ್ರೈವರ್‌ನಿಂದ ಒತ್ತಿ. ಸುಲಭವಾಗಿ ಒಳಗೆ ಹೋದರೆ ಮರ ಹೋಯಿತು ಅಂತಲೇ ಅರ್ಥ.

ನಾನು ಮಾಡಿದ ತಪ್ಪು

ನನ್ನ ಹತ್ತಿರ 1967ರ ಟ್ರಾವೆಲರ್ ಇದೆ. ಹಿಂಬಾಗಿಲಿನ ತಳದಲ್ಲಿ ಹೆಬ್ಬೆರಳಿನಷ್ಟು ಜಾಗ ಮೆತ್ತಗಾಗಿತ್ತು. ನಾನು ಪುಟ್ಟಿ ತುಂಬಿ, ಉಪ್ಪು ಕಾಗದದಲ್ಲಿ ಉಜ್ಜಿ, ಮೇಲೆ ವಾರ್ನಿಷ್ ಬಳಿದೆ. ಹೊಸದರಂತೆ ಹೊಳೆಯಿತು! ಮುಂದಿನ ವರ್ಷ ಮಗಳು ಬಾಗಿಲು ಹಾಕಿದಾಗ ಕೀಲಿನ ಸ್ಕ್ರೂ ಮರದ ಪುಡಿ ಸಮೇತ ಕಿತ್ತು ಬಂತು. ವಾರ್ನಿಷ್ ಒಳಗಿನ ತೇವ ಆರಲು ಬಿಟ್ಟಿರಲಿಲ್ಲ. ಒಂದು ಹೆಬ್ಬೆರಳಿನಷ್ಟಿದ್ದದ್ದು ಒಂದು ಗೇಣು ಆಗಿತ್ತು. "ಅಪ್ಪಾ, ನೀವು ಸರಿ ಮಾಡಿರ್ಲಿಲ್ಲ, ಮುಚ್ಚಿಟ್ಟಿದ್ರಿ ಅಷ್ಟೇ" ಅಂದಳು. ಕೆಲಸದಲ್ಲಿ ಪ್ರೋಗ್ರಾಮಿನ ದೋಷ ಮುಚ್ಚಬೇಡಿ ಅಂತ ಬೇರೆಯವರಿಗೆ ಹೇಳುವವನು ನಾನು!

ಸರಿಯಾದ ದಾರಿ

1. ನೀರು ಎಲ್ಲಿಂದ ಬರುತ್ತಿದೆ ಎಂದು ಮೊದಲು ಪತ್ತೆ ಮಾಡಿ, ನಿಲ್ಲಿಸಿ. ನಮ್ಮ ಕಾರಿನಲ್ಲಿ ಕಿಟಕಿಯ ಗಾಡಿಯ ನೀರು ಹೋಗುವ ತೂತಿಗೆ ಪಾಚಿ ಕಟ್ಟಿತ್ತು.
2. ಮರವನ್ನು ಚೆನ್ನಾಗಿ ಒಣಗಲು ಬಿಡಿ. ಅವಸರ ಬೇಡ.
3. ಗಟ್ಟಿ ಮರ ಸಿಗುವವರೆಗೂ ಕೊಳೆತದ್ದನ್ನು ಕತ್ತರಿಸಿ. "ಅಯ್ಯೋ, ಇಷ್ಟು ಹೋಯ್ತಲ್ಲ" ಅನ್ನಿಸುತ್ತೆ. ಆದರೂ ಕತ್ತರಿಸಿ.
4. ಹೊಸ ಆಶ್ ತುಂಡನ್ನು ಎಳೆಯ ದಿಕ್ಕು ಹೊಂದುವಂತೆ ಆರಿಸಿ. ಎರಡೂ ತುದಿಗಳನ್ನು ಓರೆಯಾಗಿ ಸೀಳಿ, ಒಂದರ ಮೇಲೊಂದು ಕೂರಿಸಿ ಎಪಾಕ್ಸಿ ಅಂಟು ಹಾಕಿ. ಓರೆಯ ಉದ್ದ ದಪ್ಪದ 8 ಪಟ್ಟು ಇರಲಿ. ಅಂಟು ಹಿಡಿಯುವ ಜಾಗ ಹೆಚ್ಚಿದಷ್ಟೂ ಬಲ ಹೆಚ್ಚು.
5. ಭಾರ ಹೊರುವ ತುಂಡು ಪೂರ್ತಿ ಕೊಳೆತಿದ್ದರೆ ತೇಪೆ ಸಾಲದು, ಇಡೀ ತುಂಡನ್ನೇ ಬದಲಾಯಿಸಬೇಕು. ಅದನ್ನು ಬಲ್ಲವರ ಕೈಗೆ ಕೊಡಿ.
6. ಹೊರಗಿನ ಮರಕ್ಕೆ ಪ್ರತಿ ವರ್ಷ ಎಣ್ಣೆ ಅಥವಾ ವಾರ್ನಿಷ್ ನೋಡಿಕೊಳ್ಳಿ.

ಕತ್ತರಿಸುವ, ಅಂಟು ಹಾಕುವ ಕೆಲಸ ದೊಡ್ಡವರದ್ದು. ಬಡಿದು ಕೇಳುವುದು, ಪಾಚಿ ತೆಗೆಯುವುದು ನಿಮ್ಮದು.

ಇಲ್ಲಿ 40 ವರ್ಷ ದಾಟಿದ ಕಾರಿಗೆ ಸಾಮಾನ್ಯವಾಗಿ ವಾರ್ಷಿಕ ಎಂಒಟಿ ತಪಾಸಣೆ ಕಡ್ಡಾಯವಲ್ಲ. ಯಾರೂ ನೋಡದಿದ್ದರೂ ಸರಿಯಾಗಿ ಇಟ್ಟುಕೊಳ್ಳುವ ಹೊಣೆ ಮಾತ್ರ ನಮ್ಮದೇ. ಹಿಂದಿನ ಸೀಟಿನಲ್ಲಿ ಕೂರುವವರು ನೀವೇ ಅಲ್ವಾ?

ಪದ ಪರಿಚಯ

ಎಳೆ: ಮರದೊಳಗಿನ ಉದ್ದ ಗೆರೆಗಳು
ಉಳಿ: ಮರ ಕೆತ್ತುವ ಚೂಪಾದ ಉಪಕರಣ
ಉಪ್ಪು ಕಾಗದ: ಉಜ್ಜಿ ನಯ ಮಾಡುವ ಒರಟು ಕಾಗದ
ಟೊಳ್ಳು: ಒಳಗೆ ಏನೂ ಇಲ್ಲದ್ದು

ಯೋಚಿಸಿ, ಉತ್ತರಿಸಿ

1. ಮರದ ದಪ್ಪ 30 ಮಿಲಿಮೀಟರ್ ಆದರೆ ಓರೆಯ ಉದ್ದ ಎಷ್ಟಿರಬೇಕು?
2. ಪುಟ್ಟಿ ತುಂಬಿದ ಮೇಲೂ ಮರ ಯಾಕೆ ಕೊಳೆಯಿತು?
3. ಊರಿನ ಮನೆಯಲ್ಲಿ ಮರದ ಬಾಗಿಲು, ಕಂಬ ಇದ್ದರೆ ಹೇಗೆ ಕಾಪಾಡುತ್ತಿದ್ದರು? ಅಜ್ಜಿಗೆ ಫೋನ್ ಮಾಡಿ ಕೇಳಿ, ನಾಲ್ಕು ಸಾಲು ಬರೆಯಿರಿ.